ದೊಡ್ಡ ಬದಲಾವಣೆಯನ್ನು ಒಂದೇ ಪ್ಯಾಚ್‌ನಲ್ಲಿ ಕಳಿಸಬಹುದೇ?

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ನಾನು ಸಿ ಭಾಷೆಯ ಒಂದು ಓಪನ್ ಸೋರ್ಸ್ ಲೈಬ್ರರಿಗೆ ಕೆಲಸ ಮಾಡುತ್ತೇನೆ. ಅದರ ಒಂದು ಮುಖ್ಯ ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳು (ಕರೆಯುವಾಗ ಅದಕ್ಕೆ ಕೊಡುವ ಮೌಲ್ಯಗಳು) ಬದಲಾಗಬೇಕೆಂದು ಎಲ್ಲರೂ ಒಪ್ಪಿದ್ದರು. ಅದನ್ನು ಕರೆಯುವ ಸುಮಾರು 800 ಜಾಗಗಳನ್ನು ಎರಡು ತಿಂಗಳು ಕುಳಿತು ತಿದ್ದಿ, ಎಲ್ಲವನ್ನೂ ಒಂದೇ ಪ್ಯಾಚ್ (ತಿದ್ದುಪಡಿಗಳ ಕಟ್ಟು) ಮಾಡಿ ಕಳಿಸಿದೆ. ಕೋಡ್ ಸೇರಿಸಿಕೊಳ್ಳುವ ಹೊಣೆ ಹೊತ್ತ ಮೇಂಟೇನರ್‌ಗಳು 'ಬಿಡಿಸಿ ಕಳಿಸಿ' ಎಂದಷ್ಟೇ ಬರೆದು ಹಿಂದಿರುಗಿಸಿದರು. ಅಷ್ಟರಲ್ಲಿ ಬೇರೆಯವರ ಕಮಿಟ್‌ಗಳು (ದಾಖಲಾದ ಬದಲಾವಣೆಗಳು) ಸೇರಿ, ನನ್ನ ಪ್ಯಾಚ್ ಈಗಿನ ಕೋಡ್‌ಗೆ ಹೊಂದುತ್ತಲೇ ಇಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನಂಥ ಯೋಜನೆಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ? ನನ್ನ ಎರಡು ತಿಂಗಳ ಕೆಲಸ ವ್ಯರ್ಥವಾಯಿತೇ?

— ಒಬ್ಬ ಓದುಗರು, ಮೈಸೂರು

ಉತ್ತರ: ವ್ಯರ್ಥವಾಗಿಲ್ಲ; ಆ ಪ್ಯಾಚ್‌ನಿಂದ ಆಗಬೇಕಾದ ಕೆಲಸ ಇನ್ನೂ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೇಂಟೇನರ್‌ಗಳ ಉತ್ತರ ಚುಟುಕಾಯಿತು, ನಿಜ. ಆದರೆ ಅವರು ಹೇಳಿದ್ದು ಸರಿಯಾಗಿದೆ. ಸಾವಿರಾರು ಸಾಲುಗಳನ್ನು ಒಬ್ಬ ಮನುಷ್ಯ ಗಮನವಿಟ್ಟು ಪರಿಶೀಲಿಸಲಾರ ಎಂಬುದು ಅದಕ್ಕೆ ಒಂದು ಕಾರಣ ಮಾತ್ರ. ಅದಕ್ಕಿಂತ ಮುಖ್ಯವಾದದ್ದೆಂದರೆ, 800 ಕಡೆ ಕೈಯಿಡುವ ಒಂದೇ ಪ್ಯಾಚ್ ಸೇರಬೇಕಾದರೆ ಆ ದಿನ ಯೋಜನೆಯಲ್ಲಿರುವ ಉಳಿದವರೆಲ್ಲರೂ ತಮ್ಮ ಕೆಲಸ ನಿಲ್ಲಿಸಿ ನಿಮಗೆ ದಾರಿ ಬಿಡಬೇಕಾಗುತ್ತದೆ. ಯಾರೂ ಯಾರ ಕೈಕೆಳಗಿನ ನೌಕರರೂ ಅಲ್ಲದ ಕಡೆ ಅಂಥ ದಿನ ಒದಗುವುದು ತೀರಾ ವಿರಳ. ಆದ್ದರಿಂದ ಅನುಭವಸ್ಥರು ಎಲ್ಲರನ್ನೂ ಒಂದೇ ದಿನಕ್ಕೆ ಹೊಂದಿಸಲು ಹೋಗುವುದಿಲ್ಲ; ಹಾಗೆ ಹೊಂದಿಸುವ ಅಗತ್ಯವೇ ಬೀಳದಂತೆ, ಹಳೆಯ ವಿಧಾನವೂ ಹೊಸ ವಿಧಾನವೂ ಕೆಲವು ಕಾಲ ಒಟ್ಟಿಗೆ ಬದುಕುವ ವ್ಯವಸ್ಥೆಯನ್ನು ಮೊದಲು ಮಾಡಿಕೊಳ್ಳುತ್ತಾರೆ.

ನೀವು ಲಿನಕ್ಸ್ ಕರ್ನಲ್‌ನ ಹೆಸರೆತ್ತಿದ್ದು ಒಳ್ಳೆಯದೇ ಆಯಿತು, ಏಕೆಂದರೆ ನಿಮ್ಮ ಸಮಸ್ಯೆ ಅಲ್ಲಿ ಪ್ರತಿ ಬಿಡುಗಡೆಯಲ್ಲೂ ಎದುರಾಗುತ್ತದೆ. ಅದರಲ್ಲಿ 3 ಕೋಟಿಗೂ ಹೆಚ್ಚು ಸಾಲುಗಳಿವೆ. 9 ಅಥವಾ 10 ವಾರಗಳಿಗೊಮ್ಮೆ ಹೊರಬರುವ ಒಂದೊಂದು ಬಿಡುಗಡೆಗೂ ಸುಮಾರು 12ರಿಂದ 15 ಸಾವಿರ ಕಮಿಟ್‌ಗಳು ಸೇರುತ್ತವೆ. ಹೊಸ ಕೋಡ್ ಸೇರುವುದು ಮೊದಲ ಎರಡು ವಾರಗಳ 'ಮರ್ಜ್ ವಿಂಡೋ'ದಲ್ಲಿ. ಉಳಿದ ಏಳೆಂಟು ವಾರ ತಪ್ಪು ತಿದ್ದುವುದಕ್ಕೆ ಮೀಸಲು. ಬಳಕೆದಾರರ ಪ್ರೋಗ್ರಾಮ್‌ಗಳು ಕರ್ನಲ್‌ನೊಡನೆ ವ್ಯವಹರಿಸುವ ಹೊರಗಿನ ಇಂಟರ್‌ಫೇಸನ್ನು ಮುರಿಯಬಾರದೆಂಬ ಕಟ್ಟುನಿಟ್ಟಿನ ನಿಯಮ ಅಲ್ಲಿದೆ. ಒಳಗಿನ ಇಂಟರ್‌ಫೇಸ್‌ಗಳಿಗೆ ಅಂಥ ಭರವಸೆಯಿಲ್ಲ. ಅವು ಏಕೆ ಬದಲಾಗುತ್ತಲೇ ಇರಬೇಕು ಎಂಬುದನ್ನು ಕುರಿತು ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ದಾಖಲೆಯೊಂದು ಕರ್ನಲ್‌ನ ಜೊತೆಯಲ್ಲೇ ಇದೆ. ಆ ಸ್ವಾತಂತ್ರ್ಯಕ್ಕೆ ಒಂದು ಬೆಲೆಯೂ ಇದೆ: ಒಳಗಿನ ಇಂಟರ್‌ಫೇಸ್ ಬದಲಿಸಿದವರೇ ಅದನ್ನು ಬಳಸುವ ಎಲ್ಲ ಜಾಗಗಳನ್ನೂ ಸರಿಪಡಿಸಿಕೊಡಬೇಕು.

ನಿಮ್ಮ ಪ್ರಕರಣಕ್ಕೆ ಬಹಳ ಹತ್ತಿರವಾದದ್ದು 2017ರಲ್ಲಿ ನಡೆದ ಟೈಮರ್ ಬದಲಾವಣೆ. ಟೈಮರ್ ಎಂದರೆ 'ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಕರೆ' ಎಂದು ಕರ್ನಲ್‌ಗೆ ಒಪ್ಪಿಸುವ ಒಂದು ಸಣ್ಣ ಸ್ಟ್ರಕ್ಚರ್. ಹಳೆಯ ವಿನ್ಯಾಸದಲ್ಲಿ ಕರೆಯಬೇಕಾದ ಫಂಕ್ಷನ್‌ನ ವಿಳಾಸವೂ ಅದಕ್ಕೆ ಕೊಡಬೇಕಾದ ಮೌಲ್ಯವೂ ಅದೇ ಸ್ಟ್ರಕ್ಚರ್‌ನಲ್ಲಿ ಇರುತ್ತಿದ್ದವು. ಪಕ್ಕದ ಮೆಮೊರಿಯಿಂದ ಉಕ್ಕಿಸಿ ಇದನ್ನು ತಿದ್ದಿಬರೆಯಬಲ್ಲ ಆಕ್ರಮಣಕಾರನಿಗೆ ಫಂಕ್ಷನ್, ಅದರ ಆರ್ಗ್ಯುಮೆಂಟ್ ಎರಡೂ ಒಟ್ಟಿಗೆ ಕೈಗೆ ಸಿಗುತ್ತಿದ್ದವು. ಭದ್ರತೆಯ ಕೆಲಸದಲ್ಲಿ ಹೆಸರಾದ ಕೀಸ್ ಕುಕ್ ಅವರು, ಮೌಲ್ಯದ ಆ ಫೀಲ್ಡನ್ನೇ ಕಿತ್ತುಹಾಕಿ, ಕರೆಯಲ್ಪಡುವ ಫಂಕ್ಷನ್‌ಗೆ ಟೈಮರ್‌ನ ವಿಳಾಸವನ್ನೇ ಕೊಡುವ ಹೊಸ ಪದ್ಧತಿಯನ್ನು ತಂದರು. ಹಳೆಯದನ್ನು ಬಳಸುವ ಜಾಗಗಳು ಡ್ರೈವರ್ (ಯಂತ್ರಾಂಶವನ್ನು ನಡೆಸುವ ಕೋಡ್), ನೆಟ್‌ವರ್ಕ್, ಫೈಲ್ ಸಿಸ್ಟಮ್ ಎಂದು ಕರ್ನಲ್‌ನ ಉದ್ದಗಲಕ್ಕೂ ನೂರಾರು ಇದ್ದವು.

ಅವರು ಏನು ಮಾಡಿದರೆಂಬುದನ್ನು ನಿಧಾನವಾಗಿ ಗಮನಿಸಿ, ಏಕೆಂದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಇದರಲ್ಲೇ ಇದೆ. 4.14ನೇ ಆವೃತ್ತಿಯಲ್ಲಿ 'ಟೈಮರ್_ಸೆಟಪ್' ಎಂಬ ಹೊಸ ಫಂಕ್ಷನ್ ಸೇರಿತು. ಹೊರನೋಟಕ್ಕೆ ಅದು ಹೊಸ ಪದ್ಧತಿಯದು. ಒಳಗೆ ಮಾತ್ರ ಟೈಮರ್‌ನ ಸ್ವಂತ ವಿಳಾಸವನ್ನೇ ಹಳೆಯ ಫೀಲ್ಡ್‌ಗೆ ತುಂಬಿ, ಫಂಕ್ಷನ್‌ನ ಟೈಪನ್ನು ಬಲವಂತವಾಗಿ ಹಳೆಯದಕ್ಕೆ ಹೊಂದಿಸಿ, ಹಳೆಯ ಯಂತ್ರದಲ್ಲೇ ಓಡುತ್ತಿತ್ತು. ನೋಡಲು ಅಂದವಾದ ಕೋಡ್ ಅಲ್ಲ. ಆದರೆ ಆ ಅಂದಗೆಟ್ಟ ಕೆಲವು ಸಾಲುಗಳಿಂದಾಗಿ ಹಳೆಯ ಪದ್ಧತಿಯ ಡ್ರೈವರ್ ಮತ್ತು ಹೊಸ ಪದ್ಧತಿಯ ಡ್ರೈವರ್ ಒಂದೇ ಕರ್ನಲ್‌ನಲ್ಲಿ ತಕರಾರಿಲ್ಲದೆ ನಡೆದವು. ಯಾವ ಡ್ರೈವರ್ ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ತಿದ್ದುಪಡಿಗಳು ಆಯಾ ವಿಭಾಗದ ಮೇಂಟೇನರ್‌ಗಳ ಬಳಿಗೆ ಬಿಡಿಬಿಡಿಯಾಗಿ ಹೋದವು. ಉಳಿದುಹೋದವನ್ನು 4.15ರ ಮರ್ಜ್ ವಿಂಡೋದಲ್ಲಿ ಒಟ್ಟಾಗಿ ಮುಗಿಸಿ, ಹಳೆಯ ಫೀಲ್ಡನ್ನೂ ಟೈಪ್ ಬದಲಿಸುವ ಆ ಉಪಾಯವನ್ನೂ ಅಳಿಸಿದರು. 2018ರ ಜನವರಿಯಲ್ಲಿ 4.15 ಹೊರಬಂದಾಗ ಹಳೆಯ ಪದ್ಧತಿ ಇರಲಿಲ್ಲ.

ನಿಮ್ಮ ಫಂಕ್ಷನ್‌ಗೂ ಇದನ್ನೇ ಅನ್ವಯಿಸಬಹುದು. ಅದರ ಆರ್ಗ್ಯುಮೆಂಟ್‌ಗಳನ್ನು ಇದ್ದಲ್ಲೇ ಬದಲಿಸಬೇಡಿ. ಹೊಸ ಹೆಸರಿನ ಫಂಕ್ಷನ್ ಒಂದನ್ನು ಸೇರಿಸಿ, ಹಳೆಯದು ಹೊಸದನ್ನು ಕರೆಯುವಂತೆ ಮಾಡಿ. ಅದು ಸಾಧ್ಯವಾಗದಿದ್ದರೆ ಮೇಲಿನಂತೆ ಹೊಸದೇ ಹಳೆಯದರ ಮೇಲೆ ಕೂರಲಿ. ಇದು ಮೊದಲ ಪ್ಯಾಚ್. ಆಮೇಲಿನವು ಒಂದೊಂದು ಡೈರೆಕ್ಟರಿಗೆ ಒಂದೊಂದು, ಪ್ರತಿಯೊಂದೂ ಸ್ವತಂತ್ರ. ಹಳೆಯದನ್ನು ಅಳಿಸುವುದು ಕೊನೆಯ ಪ್ಯಾಚ್. ಹೊಸ ಹೆಸರು ಹಳೆಯದಕ್ಕಿಂತ ಕೆಟ್ಟದಾಗಿದೆ ಎಂದು ಯಾರಾದರೂ ಆಕ್ಷೇಪಿಸಿದರೆ ಎದೆಗುಂದಬೇಡಿ, ಹೆಸರನ್ನು ಮುಂದೆಂದಾದರೂ ಬದಲಿಸಬಹುದು. ಟೈಮರ್ ಬದಲಾವಣೆಯ ಜೊತೆಗೆ ಬಂದ ಒಂದು ಮ್ಯಾಕ್ರೋಗೆ 2025ರಲ್ಲಿ ಬೇರೆ ಹೆಸರಿಟ್ಟರು, ಆಗಲೂ ಆಕಾಶವೇನೂ ಕಳಚಿ ಬೀಳಲಿಲ್ಲ.

ಸರಣಿಯ ಯಾವ ಪ್ಯಾಚ್‌ನ ನಂತರ ನಿಲ್ಲಿಸಿದರೂ ಇಡೀ ಕೋಡ್ ಕಂಪೈಲ್ ಆಗಬೇಕು, ಪರೀಕ್ಷೆಗಳು ಪಾಸಾಗಬೇಕು. 'ಮೂರನೆಯ ಪ್ಯಾಚ್‌ನಲ್ಲಿ ಮುರಿಯುತ್ತದೆ, ಏಳನೆಯದರಲ್ಲಿ ಸರಿಹೋಗುತ್ತದೆ' ಎಂಬ ಸರಣಿಯನ್ನು ಯಾವ ಒಳ್ಳೆಯ ಮೇಂಟೇನರ್ ಕೂಡ ಒಪ್ಪುವುದಿಲ್ಲ. ಇದು ಮಡಿವಂತಿಕೆಯಲ್ಲ. ಕೋಡ್‌ನ ಇತಿಹಾಸವನ್ನು ಕಾಪಾಡುವ ಗಿಟ್ ತಂತ್ರಾಂಶದಲ್ಲಿರುವ 'ಗಿಟ್ ಬೈಸೆಕ್ಟ್' ಎಂಬ ಆದೇಶ ಕಮಿಟ್‌ಗಳ ಸಾಲನ್ನು ಅರ್ಧರ್ಧವಾಗಿ ಕತ್ತರಿಸುತ್ತಾ, 14 ಸಾವಿರ ಕಮಿಟ್‌ಗಳ ನಡುವೆ ಅಡಗಿದ ದೋಷವನ್ನೂ ಹದಿನಾಲ್ಕು ಪರೀಕ್ಷೆಗಳಲ್ಲಿ ಹಿಡಿದುಕೊಡುತ್ತದೆ. ನಡುವೆ ಕಂಪೈಲ್ ಆಗದ ಕಮಿಟ್‌ಗಳಿದ್ದರೆ ಆ ಹುಡುಕಾಟ ಅಲ್ಲಿಯೇ ಎಡವುತ್ತದೆ. ಹುಡುಕಾಟ ಕೊನೆಗೆ ನಿಮ್ಮ 800 ಜಾಗಗಳ ಪ್ಯಾಚ್‌ನ ಮೇಲೆಯೇ ಬಂದು ನಿಂತರೆ, ದೋಷ ಸಿಕ್ಕಿಯೂ ಸಿಗದಂತೆಯೇ ಸರಿ.

ಇನ್ನು ಯಾರ ಟ್ರೀಯಲ್ಲಿ ಯಾವ ಪ್ಯಾಚ್ ಸೇರಬೇಕು ಎಂಬ ವಿಷಯ. ಕರ್ನಲ್‌ನಲ್ಲಿ ಪ್ರತಿ ವಿಭಾಗಕ್ಕೂ ತನ್ನದೇ ಗಿಟ್ ಟ್ರೀ, ಅಂದರೆ ಕೋಡ್ ಮತ್ತು ಅದರ ಕಮಿಟ್‌ಗಳ ಪ್ರತ್ಯೇಕ ಪ್ರತಿ, ಇದೆ. ಯಾವ ಫೈಲ್ ಯಾರದ್ದೆಂದು 'ಮೇಂಟೇನರ್ಸ್' ಎಂಬ ಫೈಲ್ ಹೇಳುತ್ತದೆ. ಮೂಲ ಬದಲಾವಣೆ ಒಬ್ಬರ ಟ್ರೀಯಲ್ಲಿದ್ದು, ಅದನ್ನು ಬಳಸುವ ಪ್ಯಾಚ್ ಇನ್ನೊಬ್ಬರ ಟ್ರೀಗೆ ಸೇರಬೇಕಾದಾಗ ಮೂರು ದಾರಿಗಳಿವೆ. ಉಳಿದ ಮೇಂಟೇನರ್‌ಗಳ ಒಪ್ಪಿಗೆ ಪಡೆದು ಎಲ್ಲವನ್ನೂ ಒಬ್ಬರ ಟ್ರೀಯ ಮೂಲಕವೇ ಕಳಿಸುವುದು ಒಂದು. ಮೂಲ ಬದಲಾವಣೆಯನ್ನಷ್ಟೇ ಒಂದು ಬಿಡುಗಡೆಯಲ್ಲಿ ಸೇರಿಸಿ, ಬಳಸುವವರನ್ನು ಮುಂದಿನ ಬಿಡುಗಡೆಗೆ ಬಿಡುವುದು ಇನ್ನೊಂದು. ಅಷ್ಟು ಕಾಯಲಾಗದಿದ್ದರೆ, ಮೂಲ ಬದಲಾವಣೆಯನ್ನು ಒಂದು ಸಣ್ಣ ಬ್ರಾಂಚ್‌ನಲ್ಲಿಟ್ಟು (ಕಮಿಟ್‌ಗಳ ಪ್ರತ್ಯೇಕ ಕವಲು), ಇನ್ನು ಮುಂದೆ ಅದನ್ನು ತಿದ್ದುವುದಾಗಲೀ ರೀಬೇಸ್ ಮಾಡುವುದಾಗಲೀ (ಬೇರೆ ಕಮಿಟ್‌ನ ಮೇಲೆ ಹೊಸದಾಗಿ ಕೂರಿಸುವುದು) ಇಲ್ಲವೆಂದು ಮಾತು ಕೊಟ್ಟು, ಇಬ್ಬರೂ ಅದನ್ನೇ ತಮ್ಮ ಟ್ರೀಗೆ ಎಳೆದುಕೊಳ್ಳುವುದು. ಎರಡೂ ಟ್ರೀಗಳು ಮುಂದೆ ಸೇರಿದಾಗ ಅವೇ ಕಮಿಟ್‌ಗಳೆಂದು ಗಿಟ್ ಗುರುತಿಸುವುದರಿಂದ ಘರ್ಷಣೆ ಹುಟ್ಟುವುದಿಲ್ಲ. ಮಾತು ಕೊಟ್ಟ ಮೇಲೆ ರೀಬೇಸ್ ಮಾಡಿದವರನ್ನು ಎರಡನೆಯ ಸಲ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು. ನನ್ನ ಒಲವು ಎರಡನೆಯ ದಾರಿಯ ಕಡೆಗೆ. ಅದರಲ್ಲಿ ಎರಡು ಮೂರು ತಿಂಗಳು ಹೆಚ್ಚು ಹಿಡಿಯುತ್ತದೆ, ಆದರೆ ಯಾರೂ ಯಾರಿಗಾಗಿಯೂ ಕಾಯುತ್ತಾ ಕೂರಬೇಕಾಗುವುದಿಲ್ಲ. ಬಿಡುವಿನಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಯಾರ ಕೆಲಸ ಯಾರದ್ದಕ್ಕೆ ಡಿಕ್ಕಿ ಹೊಡೆಯಲಿದೆ ಎಂಬುದು ಮರ್ಜ್ ದಿನವೇ ತಿಳಿದರೆ ಬಹಳ ತಡವಾಗಿರುತ್ತದೆ. ಅದಕ್ಕೆಂದೇ 2008ರಲ್ಲಿ ಸ್ಟೀಫನ್ ರಾತ್‌ವೆಲ್ ಅವರು 'ಲಿನಕ್ಸ್-ನೆಕ್ಸ್ಟ್' ಎಂಬ ಟ್ರೀಯನ್ನು ಆರಂಭಿಸಿದರು: ಮುಂದಿನ ಬಿಡುಗಡೆಗೆಂದು ಸಿದ್ಧವಾಗುತ್ತಿರುವ ನೂರಾರು ಟ್ರೀಗಳನ್ನು ಕೆಲಸದ ದಿನಗಳಲ್ಲಿ ನಿತ್ಯವೂ ಒಂದರ ಮೇಲೊಂದು ಮರ್ಜ್ ಮಾಡಿ, ಕಂಪೈಲ್ ಮಾಡಿ, ಹೊಂದದಿದ್ದ ಕಡೆ ಸಂಬಂಧಪಟ್ಟ ಇಬ್ಬರಿಗೂ ಪತ್ರ ಬರೆಯುವ ಕೆಲಸ. ಅದನ್ನು ಅವರು ಎಷ್ಟೋ ವರ್ಷ ಸದ್ದಿಲ್ಲದೆ ನಡೆಸಿಕೊಂಡು ಬಂದರು. ಕರ್ನಲ್‌ನ ವೇಗಕ್ಕೆ ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಹೆಸರು ಹೇಳುವವರು ಈ ಕೆಲಸವನ್ನೂ ನೆನೆಯಬೇಕು. ನಿಮ್ಮ ಯೋಜನೆಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ತೆರೆದಿರುವ ಬ್ರಾಂಚ್‌ಗಳನ್ನೆಲ್ಲ ರಾತ್ರಿ ಒಮ್ಮೆ ಪ್ರಯೋಗಕ್ಕೆ ಮರ್ಜ್ ಮಾಡಿ ನೋಡುವ ಒಂದು ಸ್ಕ್ರಿಪ್ಟ್ ಸಾಕು.

ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವುದು ನಿಷಿದ್ಧವೇನಲ್ಲ. 'ಆಕ್ಸೆಸ್_ಓಕೆ' ಎಂಬ ಫಂಕ್ಷನ್‌ನ ಮೊದಲ ಆರ್ಗ್ಯುಮೆಂಟ್ 386 ಪ್ರೊಸೆಸರ್‌ನ ಕಾಲದ ಪಳೆಯುಳಿಕೆಯಾಗಿ, ಅರ್ಥ ಕಳೆದುಕೊಂಡು ಉಳಿದಿತ್ತು. 2019ರ ಜನವರಿಯಲ್ಲಿ ಟೊರ್ವಾಲ್ಡ್ಸ್ ಅವರೇ ಅದನ್ನು ಇಡೀ ಕರ್ನಲ್‌ನಿಂದ ಒಂದೇ ಕಮಿಟ್‌ನಲ್ಲಿ ತೆಗೆದುಹಾಕಿದರು. ಅವರು ಆರಿಸಿಕೊಂಡ ಸಮಯವನ್ನು ಗಮನಿಸಿ: 5.0ರ ಮರ್ಜ್ ವಿಂಡೋ ಮುಗಿಯುವ ಹೊತ್ತು. ಆಗ ಬಹುತೇಕ ಎಲ್ಲರ ಕೋಡ್ ಒಳಗೆ ಬಂದಾಗಿರುತ್ತದೆ, ಮುಂದಿನ ಸುತ್ತಿನ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಬದಲಾವಣೆ ಯಾಂತ್ರಿಕವಾಗಿದ್ದು, ಮೇಂಟೇನರ್‌ಗಳೇ ಅದನ್ನು ಮಾಡಲು ಒಪ್ಪಿದರೆ ನಿಮ್ಮಲ್ಲೂ ಬಿಡುಗಡೆಯ ಮರುದಿನ ಇಂಥ ಸಂದು ಸಿಗಬಹುದು. ಅದನ್ನು ಅವರು ಮಾಡಬೇಕು, ಹೊರಗಿನಿಂದ ಬಂದ ಪ್ಯಾಚ್ ಆಗಿ ಅದು ಉಳಿಯುವುದಿಲ್ಲ.

ಹೊಂದದಂತಾದ ಪ್ಯಾಚ್‌ನ ಬಗ್ಗೆ ನಿಮಗೆ ಹೆಚ್ಚು ಬೇಸರವಾದಂತಿದೆ. ಅದಕ್ಕೆ ಮದ್ದು ಎಂದರೆ, ತಿದ್ದಿದ ಕೋಡನ್ನು ಕಾಪಾಡಿಕೊಳ್ಳುವ ಬದಲು ತಿದ್ದುವ ವಿಧಾನವನ್ನು ಕಾಪಾಡಿಕೊಳ್ಳುವುದು. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಜೂಲಿಯಾ ಲಾವಾಲ್ ಮತ್ತು ಅವರ ಸಂಗಡಿಗರು ಬೆಳೆಸಿದ 'ಕಾಕ್ಸಿನೆಲ್' ಎಂಬ ಉಪಕರಣ ಸಿ ಕೋಡ್‌ಗಾಗಿಯೇ ಇದೆ. ಫ್ರೆಂಚಿನಲ್ಲಿ ಅದು ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿರುವ ಪುಟ್ಟ ಜೀರುಂಡೆಯ ಹೆಸರು, ಬೇರೆ ಕೀಟಗಳನ್ನು ತಿನ್ನುವಂಥದ್ದು. 'ಬಗ್' ತಿನ್ನುವ ಬಗ್ ಎಂಬ ತಮಾಷೆ ಅದರಲ್ಲಿದೆ. ಇದಕ್ಕೆ ನೀವು ಕೊಡುವ ಸೂಚನೆಯೂ ಪ್ಯಾಚ್‌ನಂತೆಯೇ, ಕಳೆಯುವ ಮತ್ತು ಕೂಡಿಸುವ ಗುರುತುಗಳಿರುವ ಸಾಲುಗಳಾಗಿರುತ್ತದೆ. ಆದರೆ ಅದು ಅಕ್ಷರಗಳನ್ನು ಹೋಲಿಸದೆ ಸಿ ಭಾಷೆಯ ರಚನೆಯನ್ನು ನೋಡುತ್ತದೆ. ವೇರಿಯಬಲ್‌ನ ಹೆಸರು ಬೇರೆಯಿದ್ದರೂ, ಕರೆ ಎರಡು ಸಾಲಿಗೆ ಮುರಿದಿದ್ದರೂ ಗುರುತು ಹಿಡಿಯುತ್ತದೆ. ಟೈಮರ್ ಬದಲಾವಣೆಯ ಸರಳ ಭಾಗಗಳು ನಡೆದದ್ದು ಇದರಿಂದಲೇ. ಇಂಥ ಸೂಚನೆ ಬರೆದಿಟ್ಟುಕೊಂಡರೆ ಕೋಡ್ ಎಷ್ಟು ಮುಂದೆ ಹೋದರೂ ಚಿಂತೆಯಿಲ್ಲ, ಹೊಸ ಕೋಡ್‌ನ ಮೇಲೆ ಇನ್ನೊಮ್ಮೆ ಓಡಿಸಿದರಾಯಿತು. ಪರಿಶೀಲಿಸುವವರೂ ಸಾವಿರ ಸಾಲುಗಳ ಬದಲು ಇಪ್ಪತ್ತು ಸಾಲಿನ ಸೂಚನೆಯನ್ನು ಓದಿ, ಫಲಿತಾಂಶದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಕಣ್ಣಾಡಿಸುತ್ತಾರೆ. ಆ ಸೂಚನೆಯನ್ನು ಕಮಿಟ್ ಸಂದೇಶದಲ್ಲೇ ಸೇರಿಸಿ. ಯಂತ್ರ ಮಾಡಿದ ತಿದ್ದುಪಡಿಯನ್ನೂ ನೀವು ಕೈಯಿಂದ ಮಾಡಿದ್ದನ್ನೂ ಒಂದೇ ಕಮಿಟ್‌ನಲ್ಲಿ ಎಂದಿಗೂ ಬೆರೆಸಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಬಾರದ, ಆದರೆ ಖಂಡಿತ ಎದುರಾಗುವ ತೊಡಕೊಂದಿದೆ. ನೀವು ಹಳೆಯ ಕರೆಗಳನ್ನು ಒಂದು ಕಡೆ ತಿದ್ದುತ್ತಿರುವಾಗ ಇನ್ನೊಂದು ಕಡೆ ಯಾರೋ ಹೊಸ ಕೋಡ್‌ನಲ್ಲಿ ಹಳೆಯ ಫಂಕ್ಷನ್ನನ್ನೇ ಬಳಸುತ್ತಿರುತ್ತಾರೆ; ಅಕ್ಕಪಕ್ಕದ ಫೈಲ್‌ನಿಂದ ನಕಲು ಮಾಡುವಾಗ ಅದೂ ಜೊತೆಗೇ ಬರುತ್ತದೆ. 800 ಜಾಗ ಮುಗಿಸುವಷ್ಟರಲ್ಲಿ ಹೊಸ 40 ಹುಟ್ಟಿಕೊಂಡಿರುತ್ತವೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಗಾಗದಂತೆ ಬಾಗಿಲು ಹಾಕುವ ಕೆಲಸ ಮೊದಲ ಪ್ಯಾಚ್‌ನ ಜೊತೆಗೇ ಆಗಬೇಕು. ಕಂಪೈಲರ್ ಎಚ್ಚರಿಕೆ ಕೊಡುವಂತೆ ಮಾಡಿದರೆ ಸಾಕೆಂದು ಮೊದಲು ತೋಚುತ್ತದೆ. ಕರ್ನಲ್‌ನಲ್ಲಿ ಅದನ್ನು ವರ್ಷಗಟ್ಟಲೆ ಮಾಡಿ ನೋಡಿ, 2018ರಲ್ಲಿ ಟೊರ್ವಾಲ್ಡ್ಸ್ ಆ ಎಚ್ಚರಿಕೆಗಳನ್ನೇ ಪೂರ್ತಿಯಾಗಿ ತೆಗೆದುಹಾಕಿದರು. ಎಚ್ಚರಿಕೆ ಕಾಣುವುದು ಕಂಪೈಲ್ ಮಾಡುವ ಎಲ್ಲರಿಗೂ, ಸರಿಪಡಿಸುವ ಹೊಣೆ ಮಾತ್ರ ಯಾರಿಗೂ ಇಲ್ಲ. ಕೊನೆಗೆ ಎಲ್ಲರೂ ಎಚ್ಚರಿಕೆಗಳನ್ನು ಓದುವುದನ್ನೇ ಬಿಡುತ್ತಾರೆ. ಅದಕ್ಕಿಂತ, ಹೊಸದಾಗಿ ಬರುವ ಪ್ಯಾಚ್‌ನ ಸಾಲುಗಳಲ್ಲಿ ಹಳೆಯ ಹೆಸರು ಕಂಡರೆ ಆಕ್ಷೇಪಿಸುವ ತಪಾಸಣೆ ಮೇಲು. ಕರ್ನಲ್‌ನಲ್ಲಿ 'ಚೆಕ್‌ಪ್ಯಾಚ್' ಎಂಬ ಸ್ಕ್ರಿಪ್ಟ್ ಆ ಕೆಲಸ ಮಾಡುತ್ತದೆ, ಬಳಸಬಾರದವುಗಳ ಒಂದು ಪಟ್ಟಿಯೂ ದಾಖಲೆಯಾಗಿ ಇದೆ.

ಬಾಗಿಲು ಹಾಕಿದರೂ ಕೊನೆಯ ಕೆಲವು ಜಾಗಗಳು ಕಾಡುತ್ತವೆ. ಸ್ಟ್ರಿಂಗ್ ನಕಲು ಮಾಡುವ 'ಸ್ಟರ್-ಎಲ್-ಕಾಪಿ'ಗೆ ಬದಲಿಯಾದ 'ಸ್ಟರ್-ಎಸ್-ಕಾಪಿ' 2015ರಲ್ಲಿ 4.3ನೇ ಆವೃತ್ತಿಯೊಂದಿಗೆ ಬಂತು. ಹಳೆಯದು ಹೊರಹೋದದ್ದು 2024ರ 6.8ರಲ್ಲಿ. ನಡುವಿನ ಎಂಟು ವರ್ಷಗಳಲ್ಲಿ ಹೆಚ್ಚಿನ ಕರೆಗಳು ಸುಲಭವಾಗಿಯೇ ಬದಲಾಗಿರುತ್ತವೆ. ಉಳಿಯುವುದು ಹಿಂದಿರುಗುವ ಮೌಲ್ಯವನ್ನು ವಿಚಿತ್ರವಾಗಿ ಬಳಸಿಕೊಂಡ, ಪರೀಕ್ಷಿಸಲು ಯಂತ್ರಾಂಶವೇ ಕೈಯಲ್ಲಿಲ್ಲದ, ಬರೆದವರು ಎಂದೋ ಬಿಟ್ಟುಹೋದ ಮೂಲೆಗಳು. ಒಬ್ಬರು ಹಟ ಹಿಡಿದು ಲೆಕ್ಕ ಇಟ್ಟುಕೊಂಡು ಕುಳಿತರೆ ಮಾತ್ರ ಅವು ಮುಗಿಯುತ್ತವೆ. ನಿಮ್ಮ ಯೋಜನೆಯಲ್ಲಿ ಆ ಒಬ್ಬರು ನೀವೇ ಎಂದು ತಿಳಿದುಕೊಂಡೇ ಶುರು ಮಾಡಿ. ಅರ್ಧಕ್ಕೆ ನಿಂತ ಬದಲಾವಣೆ ಮುಂದೆ ಬರುವವರಿಗೆ ಎರಡೂ ಪದ್ಧತಿಗಳನ್ನು ಕಲಿಯುವ ಹೊರೆಯಾಗುತ್ತದೆ.

ಇದುವರೆಗಿನದು ಯಾಂತ್ರಿಕ ಬದಲಾವಣೆಯ ಮಾತು. ಕೆಲವೊಮ್ಮೆ ಒಂದು ಕರೆ ಬದಲಾದರೆ ಏನಾಗುತ್ತದೆಂದು ಆ ಭಾಗ ಬರೆದವರಿಗೇ ತಿಳಿದಿರುವುದಿಲ್ಲ. 1996ರ ಲಿನಕ್ಸ್ 2.0ದಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳಿಗೆ ಬೆಂಬಲ ಬಂದಾಗ ಒಂದು ಸಲಕ್ಕೆ ಒಂದೇ ಪ್ರೊಸೆಸರ್ ಒಳಬರುವಂತೆ ಇಡೀ ಕರ್ನಲ್‌ಗೆ ಒಂದೇ ಬೀಗ ಹಾಕಿದ್ದರು, 'ಬಿಗ್ ಕರ್ನಲ್ ಲಾಕ್' ಎಂದು. ಅದನ್ನು ತೆಗೆಯುವುದು ಹಲವು ವರ್ಷ ಹಿಡಿಯಿತು, ಏಕೆಂದರೆ ಯಾವ ಡ್ರೈವರ್ ತನಗೇ ಅರಿವಿಲ್ಲದೆ ಅದನ್ನು ನೆಚ್ಚಿಕೊಂಡಿದೆ ಎಂದು ಹೇಳುವವರಿರಲಿಲ್ಲ. ಕಂಡುಕೊಂಡ ಉಪಾಯ ಇಷ್ಟು: ಕೇಂದ್ರದ ಕೋಡ್ ಬೀಗ ಹಾಕಿಕೊಂಡು ಡ್ರೈವರನ್ನು ಕರೆಯುವ ಬದಲು, ಅದೇ ಬೀಗವನ್ನು ಪ್ರತಿ ಡ್ರೈವರ್‌ನ ಒಳಗೇ ಬರೆಯುವುದು. ನಡವಳಿಕೆಯಲ್ಲಿ ವ್ಯತ್ಯಾಸವಿಲ್ಲ. ಆದರೆ ಮರೆಯಲ್ಲಿದ್ದ ಅವಲಂಬನೆ ಈಗ ಕಣ್ಣಿಗೆ ಕಾಣುವ ಒಂದು ಸಾಲಾಯಿತು. ಆಯಾ ಡ್ರೈವರ್ ಬಲ್ಲವರು ತಮ್ಮ ಬಿಡುವಿನಲ್ಲಿ ಅದನ್ನು ತೆಗೆಯಲೂಬಹುದು, ಸಣ್ಣ ಬೀಗವೊಂದನ್ನು ಹಾಕಿಕೊಳ್ಳಲೂಬಹುದು. 2005ರಲ್ಲಿ ಬೀಗವಿಲ್ಲದೆ ಕರೆಸಿಕೊಳ್ಳುವ ಪ್ರತ್ಯೇಕ ದಾರಿಯೊಂದನ್ನು ಡ್ರೈವರ್‌ಗಳಿಗೆ ಕೊಟ್ಟಿದ್ದರು; 2011ರಲ್ಲಿ 2.6.39ರೊಂದಿಗೆ ಆರ್ನ್ಡ್ ಬರ್ಗ್‌ಮನ್ ಅವರು ಬೀಗದ ಕೊನೆಯ ಕುರುಹನ್ನೂ ಅಳಿಸಿದರು. ನಿಮ್ಮ 800ರಲ್ಲಿ ಇಂಥ ಹತ್ತು ಹದಿನೈದು ಕರೆಗಳಿದ್ದರೆ ಅವನ್ನು ಬೇರೆ ಮಾಡಿಟ್ಟು, ಇದೇ ಬಗೆಯಲ್ಲಿ ನಡವಳಿಕೆ ಬದಲಿಸದ ಪ್ಯಾಚ್‌ನಿಂದ ಮೊದಲು ಮಾಡಿ.

ಒಪ್ಪಿಗೆಯ ವಿಷಯದಲ್ಲೂ ಒಂದು ಮಾತು. 'ಎಲ್ಲರೂ ಒಪ್ಪಿದ್ದರು' ಎಂದು ನೀವು ಬರೆದಿದ್ದೀರಿ. ಬದಲಾವಣೆ ಬೇಕು ಎಂಬುದನ್ನು ಒಪ್ಪಿದ್ದರೋ, ನೀವು ಬರೆದ ರೂಪವನ್ನೇ ಒಪ್ಪಿದ್ದರೋ? ಮೆಮೊರಿ ಪುಟಗಳ ಗುಂಪನ್ನು ಪ್ರತಿನಿಧಿಸುವ 'ಫೋಲಿಯೊ' ಎಂಬ ಹೊಸ ಟೈಪನ್ನು ಮ್ಯಾಥ್ಯೂ ವಿಲ್ಕಾಕ್ಸ್ ಅವರು ತಂದಾಗ, ಸಮಸ್ಯೆ ನಿಜವೆಂಬುದರಲ್ಲಿ ಹೆಚ್ಚು ತಕರಾರಿರಲಿಲ್ಲ. ಇದೇ ಸರಿಯಾದ ರೂಪವೇ, ಇದೇ ಸರಿಯಾದ ಹೆಸರೇ ಎಂಬುದರ ಮೇಲೆ ದೀರ್ಘ ವಾದ ನಡೆದು 5.15ಕ್ಕೆ ಅದು ಸೇರದೆ ಹೋಯಿತು. ಮುಂದಿನ 5.16ರಲ್ಲಿ, 2022ರ ಜನವರಿಯ ಬಿಡುಗಡೆಯಲ್ಲಿ ಸೇರಿದ್ದು ಅಡಿಪಾಯ ಮಾತ್ರ. ಫೈಲ್ ಸಿಸ್ಟಮ್‌ಗಳು ಒಂದೊಂದಾಗಿ ಆಮೇಲೆ ಅದಕ್ಕೆ ಬಂದವು. ಎಲ್ಲ ಫೈಲ್ ಸಿಸ್ಟಮ್‌ಗಳನ್ನೂ ತಿದ್ದಿದ ಮೇಲೆಯೇ ಚರ್ಚೆಗೆ ಇಟ್ಟಿದ್ದರೆ ಎಷ್ಟು ದುಡಿಮೆ ಮಣ್ಣುಪಾಲಾಗುತ್ತಿತ್ತೆಂದು ಯೋಚಿಸಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ಮೊದಲ ಪ್ಯಾಚ್ ಮತ್ತು ಒಂದೇ ಒಂದು ಡೈರೆಕ್ಟರಿಯ ತಿದ್ದುಪಡಿ, ಇಷ್ಟನ್ನು ಕಳಿಸಿ ರೂಪಕ್ಕೆ ಒಪ್ಪಿಗೆ ಪಡೆಯಿರಿ. ಆ ಡೈರೆಕ್ಟರಿ ಸುಲಭದ್ದಾಗಿರಬಾರದು. ಇರುವುದರಲ್ಲಿ ಅತ್ಯಂತ ತೊಡಕಿನದನ್ನೇ ಆರಿಸಿ. ಆಮೇಲಿನವನ್ನು ಹತ್ತು ಹದಿನೈದು ಪ್ಯಾಚ್‌ಗಳ ಕಂತುಗಳಲ್ಲಿ ಕಳಿಸಿ. ಒಂದು ಕಂತಿಗೆ ಎರಡು ವಾರ ಉತ್ತರ ಬರದಿದ್ದರೆ ವಿನಯದಿಂದ ಒಮ್ಮೆ ನೆನಪಿಸುವುದರಲ್ಲಿ ತಪ್ಪಿಲ್ಲ.

ಈಗ ನಿಮ್ಮ ಹಿಂದಿರುಗಿದ ಪ್ಯಾಚ್. ಅದನ್ನು ಇಂದಿನ ಕೋಡ್‌ಗೆ ರೀಬೇಸ್ ಮಾಡಲು ಹೆಣಗಬೇಡಿ. ಅದನ್ನು ಹೊರಡಿಸಿದ ಹಳೆಯ ಕಮಿಟ್‌ನ ಮೇಲೆಯೇ ಒಂದು ಬ್ರಾಂಚ್ ಮಾಡಿ ಹಾಗೆಯೇ ಇಡಿ. ಅದೇ ಹಳೆಯ ಕಮಿಟ್‌ನಿಂದ ಇನ್ನೊಂದು ಬ್ರಾಂಚ್ ತೆಗೆದು, ಕಾಕ್ಸಿನೆಲ್ ಸೂಚನೆಯನ್ನು ಅಲ್ಲಿ ಓಡಿಸಿ, ಎರಡನ್ನೂ 'ಗಿಟ್ ಡಿಫ್'ನಿಂದ ಹೋಲಿಸಿ. ಫಂಕ್ಷನ್‌ನ ಹೊಸ ಹೆಸರನ್ನು ಬಿಟ್ಟರೆ, ವ್ಯತ್ಯಾಸ ಕಂಡ ಜಾಗಗಳು ಯಂತ್ರಕ್ಕೆ ಸಿಗದೆ ನೀವು ತಲೆ ಉಪಯೋಗಿಸಿ ತಿದ್ದಿದವು, ಅಥವಾ ನೀವೇ ಕೈತಪ್ಪಿ ಮಾಡಿದ ತಪ್ಪುಗಳು. ಅವು 800ರಲ್ಲಿ ಬಹುಶಃ ಬೆರಳೆಣಿಕೆಯಷ್ಟೇ ಇರುತ್ತವೆ. ಎರಡು ತಿಂಗಳ ಕೆಲಸದಲ್ಲಿ ಕೈಯಿಂದ ಮತ್ತೆ ಬರೆಯಬೇಕಾದದ್ದು ಅವನ್ನು ಮಾತ್ರ.